ನಿಲುಗಡೆಯ ಶುಲ್ಕವೂ ನಗರಸಭೆಯ ಅಧಿಕಾರವೂ: ಡೊನಾಲ್ಡ್ ಶೂಪರ ಗ್ರಂಥದ ವಿಮರ್ಶೆ

ಲಾಸ್ ಏಂಜಲಿಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ನಗರಯೋಜನಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದು 2025ರಲ್ಲಿ ಕಾಲವಾದ ಡೊನಾಲ್ಡ್ ಶೂಪರು 2005ರಲ್ಲಿ ಹೊರತಂದ 'ದಿ ಹೈ ಕಾಸ್ಟ್ ಆಫ್ ಫ್ರೀ ಪಾರ್ಕಿಂಗ್' ಎಂಬ ಗ್ರಂಥವು ಏಳುನೂರು ಪುಟಗಳನ್ನು ಮೀರಿದುದು. ಬೀದಿಯ ಬದಿಯಲ್ಲಿ ಮೋಟಾರುಗಾಡಿಯನ್ನು ನಿಲ್ಲಿಸುವ ವಿಷಯಕ್ಕೆ ಇಷ್ಟು ದೊಡ್ಡ ಗ್ರಂಥವೇಕೆ ಎಂಬ ಶಂಕೆ ಯಾರಿಗಾದರೂ ಹುಟ್ಟತಕ್ಕದ್ದೇ. ಗ್ರಂಥವನ್ನು ಓದಿ ಮುಗಿಸಿದವರಿಗೆ ಆ ಶಂಕೆ ಉಳಿಯುವುದಿಲ್ಲ. ಉಳಿಯುವುದು ಬೇರೊಂದು ಶಂಕೆ: ನಿಲುಗಡೆಯ ಶುಲ್ಕವನ್ನು ಎಷ್ಟಿಡಬೇಕೆಂಬುದನ್ನು ಇಷ್ಟು ವಿಸ್ತಾರವಾಗಿ ವಿಚಾರಿಸಿದ ಗ್ರಂಥಕರ್ತರು ಅದನ್ನು ಯಾರು ನಿರ್ಣಯಿಸಬೇಕು, ನಿರ್ಣಯಿಸಿದವರನ್ನು ಯಾರು ಕೇಳಬೇಕು ಎಂಬುದನ್ನು ಏಕೆ ಅಷ್ಟು ಬೇಗ ದಾಟಿಹೋದರು?

ಗ್ರಂಥದ ಮುಖ್ಯ ಪ್ರತಿಪಾದನೆಯನ್ನು ಸಂಗ್ರಹವಾಗಿ ಹೇಳಬಹುದು. ಬಿಟ್ಟಿ ನಿಲುಗಡೆ ಎಂಬುದು ಲೋಕದಲ್ಲಿಲ್ಲ. ಗಾಡಿಯವನು ಗಾಡಿಯವನಾಗಿ ಕೊಡದ ಹಣವನ್ನು ಮನೆಯ ಬಾಡಿಗೆಯಲ್ಲಿ, ಅಂಗಡಿಯ ಸಾಮಾನಿನ ಕ್ರಯದಲ್ಲಿ, ತೆರಿಗೆಯಲ್ಲಿ ಕೊಡುತ್ತಾನೆ. ಅವನೊಡನೆ ಗಾಡಿಯೇ ಇಲ್ಲದವನೂ ಕೊಡುತ್ತಾನೆ. ಇದಕ್ಕೆ ಕಾರಣ ನಗರಸಭೆಗಳ ಕಟ್ಟಡ ನಿಯಮಗಳು. ಇಂತಿಷ್ಟು ವಿಸ್ತೀರ್ಣದ ಕಟ್ಟಡಕ್ಕೆ ಇಂತಿಷ್ಟು ಗಾಡಿಗಳ ಸ್ಥಳವನ್ನು ಬಿಡಲೇಬೇಕೆಂಬ ವಿಧಿಯು ನಗರದ ನೆಲವನ್ನು ನುಂಗಿ, ಕಟ್ಟಡಗಳನ್ನು ಒಂದರಿಂದೊಂದು ದೂರ ಸರಿಸಿ, ನಡೆದು ಹೋಗತಕ್ಕ ದಾರಿಯನ್ನು ಗಾಡಿಯಿಲ್ಲದೆ ಹೋಗಲಾಗದ ದಾರಿಯನ್ನಾಗಿ ಮಾಡುತ್ತದೆ. ಆದುದರಿಂದ ಆ ವಿಧಿಯನ್ನು ತೆಗೆದುಹಾಕಬೇಕು; ಬೀದಿಯಂಚಿನ ಸ್ಥಳಕ್ಕೆ ತಕ್ಕ ಬೆಲೆಯನ್ನು ಕಟ್ಟಬೇಕು; ಬಂದ ಹಣವನ್ನು ಆ ಬೀದಿಯವರಿಗೇ ಕಾಣುವಂತೆ ವೆಚ್ಚಮಾಡಬೇಕು. ಈ ಬೆಲೆಯ ವಿಚಾರ ಶೂಪರ ಸ್ವಂತದ್ದಲ್ಲ. 1996ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ವಿಲಿಯಂ ವಿಕ್ರೇ 1954ರಲ್ಲಿಯೇ ಇದನ್ನು ಸೂಚಿಸಿದ್ದರು.

ಗ್ರಂಥದ ಅತ್ಯುತ್ತಮ ಭಾಗ ನಿಸ್ಸಂದೇಹವಾಗಿ ಮೂರನೆಯ ಅಧ್ಯಾಯ. ಯೋಜಕರು ಶಾಸ್ತ್ರವೆಂದು ನಂಬಿದುದು ಹೇಗೆ ಶಾಸ್ತ್ರಾಭಾಸವೆಂಬುದನ್ನು ಅಲ್ಲಿ ತೋರಿಸಿದ್ದಾರೆ. ಅಮೆರಿಕದ ಸಾರಿಗೆ ಎಂಜಿನಿಯರುಗಳ ಸಂಸ್ಥೆಯ ಕೈಪಿಡಿಯೊಂದರಲ್ಲಿ, ಗಾಡಿಯಲ್ಲಿ ಕುಳಿತೇ ತಿಂಡಿ ಕೊಳ್ಳುವ ಉಪಾಹಾರಗೃಹಗಳಿಗೆ ಸಾವಿರ ಚದರಡಿಗೆ 9.95 ಗಾಡಿಗಳು ಎಂಬ ಗಣನೆಯಿತ್ತು. ಹದಿನೆಂಟು ಉಪಾಹಾರಗೃಹಗಳನ್ನು ನೋಡಿ ಅದನ್ನು ಸಾಧಿಸಿದ್ದರು. ಆದರೆ ಕಟ್ಟಡದ ವಿಸ್ತೀರ್ಣಕ್ಕೂ ನಿಂತ ಗಾಡಿಗಳ ಸಂಖ್ಯೆಗೂ ಇರುವ ಸಂಬಂಧವನ್ನು ಸಂಖ್ಯಾಶಾಸ್ತ್ರದ ಅಳತೆಗೆ ಹಿಡಿದರೆ ದೊರೆಯುವ ಮೌಲ್ಯ 0.038 ಮಾತ್ರ, ಪೂರ್ಣ ಸಂಬಂಧಕ್ಕೆ ಆ ಅಳತೆಯಲ್ಲಿ 1 ಎಂದು ಲೆಕ್ಕ. ಎಂದರೆ ವಿಸ್ತೀರ್ಣವನ್ನು ತಿಳಿದಮಾತ್ರಕ್ಕೆ ಗಾಡಿಗಳ ವಿಷಯದಲ್ಲಿ ಏನನ್ನೂ ತಿಳಿದಂತಾಗಲಿಲ್ಲ. ಹೀಗಿದ್ದರೂ ದಶಮಾಂಶದ ಎರಡು ಸ್ಥಾನಗಳವರೆಗೆ ಬರೆದ ಅಂಕಿಯು ಊರಿಂದೂರಿಗೆ ನಿಯಮವಾಗಿ ಹರಡಿತು. ನೆರೆಯ ಊರಿನವರು ಬರೆದುದನ್ನು ಈ ಊರಿನವರು ಪ್ರತಿಮಾಡಿಕೊಂಡರು. ಹಸ್ತಪ್ರತಿಗಳ ಪರಂಪರೆಯನ್ನು ಬಲ್ಲವರಿಗೆ ಈ ಬಗೆಯ ಸ್ಖಾಲಿತ್ಯ ಹೊಸದಲ್ಲ. ಮೂಲಪ್ರತಿಯಲ್ಲಿ ಬಿದ್ದ ತಪ್ಪು, ಪ್ರತಿಗಳು ಹೆಚ್ಚಿದಷ್ಟೂ ಪ್ರಮಾಣಪಾಠವೆನಿಸಿಕೊಳ್ಳುತ್ತದೆ. ಆ ಅಂಕಿಯನ್ನು ಎಣಿಸಿದ ಸ್ಥಳಗಳಲ್ಲಿ ನಿಲುಗಡೆ ಸಾಮಾನ್ಯವಾಗಿ ಬಿಟ್ಟಿಯಾಗಿತ್ತೆಂಬುದನ್ನು ನೆನೆದರೆ ತರ್ಕದ ದೋಷ ಇನ್ನೂ ಸ್ಪಷ್ಟವಾಗುತ್ತದೆ. ಬಿಟ್ಟಿಯಾದಾಗ ಎಷ್ಟು ಗಾಡಿ ನಿಂತವೋ ಅಷ್ಟನ್ನು ಅವಶ್ಯಕತೆಯೆಂದು ಕರೆದು, ಅಷ್ಟಕ್ಕೆ ಸ್ಥಳವನ್ನು ಬಲಾತ್ಕಾರದಿಂದ ಬಿಡಿಸಿದುದರಿಂದ ನಿಲುಗಡೆ ಮುಂದೆಯೂ ಬಿಟ್ಟಿಯಾಗಿಯೇ ಉಳಿಯಿತು.

ಇದಾದ ಮೇಲೆ ಬರುವ ಪ್ರಾಚೀನ ಖಗೋಳಶಾಸ್ತ್ರದ ಸಾಮ್ಯವೂ, ಬಿಟ್ಟಿ ದೂರವಾಣಿಯ ದೃಷ್ಟಾಂತಕಥೆಯೂ ಒಂದೊಂದು ಅಧ್ಯಾಯವನ್ನೇ ಆಕ್ರಮಿಸಿವೆ. ಉಪಮಾನವು ಉಪಮೇಯವನ್ನು ಮರೆಸುವಷ್ಟು ಬೆಳೆದರೆ ರಸಭಂಗವಾಗುವುದೆಂಬುದು ಅಲಂಕಾರಶಾಸ್ತ್ರದ ಮೊದಲ ಪಾಠವಷ್ಟೆ. ಅರ್ಥಶಾಸ್ತ್ರದ ಗ್ರಂಥಕ್ಕೂ ಅದು ಸಲ್ಲುತ್ತದೆ.

ಸ್ಥಳವನ್ನು ಹುಡುಕುತ್ತ ಗಾಡಿಗಳು ಸುತ್ತುವುದನ್ನು ಕುರಿತ ಅಧ್ಯಾಯಗಳಲ್ಲಿ ಬೆಲೆಯುಳ್ಳ ಸಂಗತಿಗಳಿವೆ. ಲಾಸ್ ಏಂಜಲಿಸಿನ ವೆಸ್ಟ್‌ವುಡ್ ವಿಲೇಜಿನಲ್ಲಿ ಒಂದೊಂದು ಗಾಡಿ ಹುಡುಕಾಟಕ್ಕೆ ಕಳೆದುದು ಸರಾಸರಿ 3.3 ನಿಮಿಷ, ಸುತ್ತಿದುದು ಅರ್ಧ ಮೈಲಿ. ಆದರೂ ಹದಿನೈದು ಬ್ಲಾಕುಗಳ ಆ ಚಿಕ್ಕ ಪೇಟೆಯಲ್ಲಿ ವರ್ಷವೊಂದಕ್ಕೆ ಅದು 9,50,000 ಮೈಲಿಗಳಾಗುತ್ತದೆಂದು ಲೆಕ್ಕ ಹಾಕಿದ್ದಾರೆ. ಈ ಅವಲೋಕನ ಸ್ವತಂತ್ರವಾದುದು, ನಂಬತಕ್ಕುದು. ಆದರೆ ಪೇಟೆಯ ಸಂಚಾರದಲ್ಲಿ ನೂರಕ್ಕೆ 30 ಭಾಗ ಇಂಥ ಸುತ್ತಾಟವೇ ಎಂಬ, ಎಲ್ಲೆಲ್ಲಿಯೂ ಉಲ್ಲೇಖವಾಗುವ ಮಾತಿಗೆ ಅಷ್ಟು ಬಲವಿಲ್ಲ. 1927ರಿಂದ 2001ರವರೆಗೆ ಬೇರೆ ಬೇರೆ ಊರುಗಳಲ್ಲಿ ನಡೆದ ಹದಿನಾರು ಅಧ್ಯಯನಗಳ ಸರಾಸರಿ ಅದು. ಹುಡುಕಾಟ ಹೆಚ್ಚೆಂದು ಮೊದಲೇ ತೋರಿದ ಸ್ಥಳಗಳನ್ನೇ ಆ ಅಧ್ಯಯನಕಾರರು ಆರಿಸಿಕೊಂಡಿದ್ದರು. ಶೂಪರು ಈ ಎಚ್ಚರಿಕೆಯನ್ನು ತಾವೇ ಕೊಟ್ಟಿದ್ದರೂ, ಎಚ್ಚರಿಕೆಗಿಂತ ಅಂಕಿಯೇ ದೂರ ಹೋಯಿತು. 9.95ನ್ನು ಹಳಿದ ಗ್ರಂಥದಿಂದ ಮತ್ತೊಂದು ಅಂಕಿ ಅದೇ ಬಗೆಯ ಪ್ರಚಾರವನ್ನು ಪಡೆದುದು ವಿಚಿತ್ರ.

ಇನ್ನು ನಗರಸಭೆಯ ವಿಚಾರ. ಗ್ರಂಥದಲ್ಲಿ ಹೆಚ್ಚು ಸಂತೋಷದಿಂದ ಬರೆದ ಪುಟಗಳು ಪ್ಯಾಸಡೀನದ ಹಳೆಯ ಪೇಟೆಯನ್ನು ಕುರಿತವು. ಹಾಳುಬಿದ್ದ ಆ ಪೇಟೆಯ ಬೀದಿಗಳಲ್ಲಿ 1993ರಲ್ಲಿ ಮೀಟರುಗಳನ್ನು ನೆಟ್ಟು ಗಂಟೆಗೆ ಒಂದು ಡಾಲರು ವಿಧಿಸಿದರು. ಮೊದಲು ವರ್ತಕರು ಎದುರಿಸಿದರು. ಹುಟ್ಟುವಳಿಯನ್ನೆಲ್ಲ ಅದೇ ಪೇಟೆಯ ಕಾಲುದಾರಿ, ದೀಪ, ಮರಗಳಿಗೆ ವಿನಿಯೋಗಿಸುವುದಾಗಿ ನಗರಸಭೆ ಮಾತುಕೊಟ್ಟ ಮೇಲೆ ಒಪ್ಪಿದರು. ಇಲ್ಲಿ ಫಲಿಸಿದುದು ಬೆಲೆಯೊಂದೇ ಅಲ್ಲವೆಂಬುದನ್ನು ವಾಚಕರು ಗಮನಿಸಬೇಕು. ವರ್ತಕರಿಗೂ ನಗರಸಭೆಗೂ ನಡುವೆ ಬಹಿರಂಗವಾದ ಒಡಂಬಡಿಕೆ ಆಯಿತು. ಮಾತು ತಪ್ಪಿದರೆ ಕೇಳುವವರು ಅದೇ ಬೀದಿಯಲ್ಲಿದ್ದರು. ಶೂಪರು ಈ ಒಡಂಬಡಿಕೆಯನ್ನು ರಾಜಕೀಯದ ಒಂದು ಜಾಣ ಉಪಾಯವೆಂಬಂತೆ ವರ್ಣಿಸಿದ್ದಾರೆ. ಅದು ಆ ವ್ಯವಸ್ಥೆಯ ಅಸ್ತಿಭಾರವೆಂದು ಅವರಿಗೆ ತೋರಿದಂತಿಲ್ಲ. ಬೆಲೆಯನ್ನು ಸಭೆಯ ಚರ್ಚೆಗೆ ಬಿಡದೆ, ಬೀದಿಯಲ್ಲಿ ನೂರಕ್ಕೆ ಸುಮಾರು 85 ಭಾಗ ಸ್ಥಳ ತುಂಬಿರುವಂತೆ ನೋಡಿಕೊಂಡು ಅಧಿಕಾರಿಗಳೇ ಏರಿಸಿ ಇಳಿಸಬೇಕೆಂಬುದೇ ಅವರ ಒಲವು. 2005ರಲ್ಲಿ ರೆಡ್‌ವುಡ್ ಸಿಟಿಯ ನಗರಸಭೆ ಇಂಥದೊಂದು ನಿಯಮವನ್ನೇ ಮಾಡಿತು. ಅಲ್ಲಿ ಸಭೆ ಗೊತ್ತುಮಾಡುವುದು ಗುರಿಯನ್ನು, ಬೆಲೆಯನ್ನಲ್ಲ.

ಇದರಲ್ಲಿ ಒಳ್ಳೆಯದಿಲ್ಲವೆಂದಲ್ಲ. ಮತಕ್ಕಾಗಿ ಬೆಲೆಯಿಳಿಸುವ ಸದಸ್ಯರ ಚಾಪಲ್ಯಕ್ಕೆ ಇದರಿಂದ ತಡೆ ಬೀಳುತ್ತದೆ. ಆದರೆ ಈ ಏರ್ಪಾಟು ನಿಲ್ಲುವುದು ಕೊಡುವ ಹಣವು 'ಬೆಲೆ'ಯೆಂದು ಒಪ್ಪಿದಾಗ ಮಾತ್ರ. ಗ್ರಂಥದಲ್ಲಿ ಆ ಹಣ ಒಂದು ಕಡೆ ಬೆಲೆ. ಹೆನ್ರಿ ಜಾರ್ಜರ ಮತವನ್ನು ಅನುಸರಿಸುವಾಗ ನೆಲದ ಬಾಡಿಗೆ. ಹತ್ತೊಂಬತ್ತನೆಯ ಅಧ್ಯಾಯಕ್ಕೆ ಬರುವ ವೇಳೆಗೆ ಸ್ಥಳೀಯ ಆದಾಯದ ಆದರ್ಶ ಮೂಲ, ಅರ್ಥಾತ್ ಸುಂಕ. ಬೆಲೆಯಾದರೆ ಅಧಿಕಾರಿ ಗೊತ್ತುಮಾಡಲಿ. ಬಾಡಿಗೆಯಾದರೆ ನೆಲದ ಒಡೆಯರಾದ ಪ್ರಜೆಗಳು ಲೆಕ್ಕ ಕೇಳಬೇಕು. ಸುಂಕವಾದರೆ ಪ್ರಜಾಪ್ರತಿನಿಧಿಗಳ ಅನುಮತಿಯಿಲ್ಲದೆ ಕವಡೆಯನ್ನೂ ಎತ್ತುವಂತಿಲ್ಲ.

ಈ ಭೇದವು ಬರಿಯ ಶಬ್ದವಿಲಾಸವಲ್ಲವೆಂಬುದಕ್ಕೆ ಇಂಗ್ಲೆಂಡಿನ ತೀರ್ಪೊಂದು ಸಾಕ್ಷಿ. ಲಂಡನ್ನಿನ ಬಾರ್ನೆಟ್ ಬರೋ ಸಭೆಯು 2011ರಲ್ಲಿ ನಿವಾಸಿಗಳ ಗಾಡಿಗಳಿಗೆ ಕೊಡುವ ವಾರ್ಷಿಕ ಪರವಾನಿಗೆಯನ್ನು 40 ಪೌಂಡಿನಿಂದ 100 ಪೌಂಡಿಗೂ, ಅತಿಥಿಗಳ ಚೀಟಿಯನ್ನು 1 ಪೌಂಡಿನಿಂದ 4 ಪೌಂಡಿಗೂ ಏರಿಸಿತು. ನಿವಾಸಿಯೊಬ್ಬರು ನ್ಯಾಯಾಲಯಕ್ಕೆ ಹೋದರು. 1984ರ ರಸ್ತೆ ಸಂಚಾರ ನಿಯಂತ್ರಣ ಶಾಸನವು ಹಣ ಕೂಡಿಸುವ ಶಾಸನವಲ್ಲ, ಇತರ ವೆಚ್ಚಗಳಿಗೆ ಮಿಗುತಾಯ ಮಾಡಿಕೊಳ್ಳುವ ಉದ್ದೇಶದಿಂದ ಶುಲ್ಕವೇರಿಸುವಂತಿಲ್ಲ ಎಂದು 2013ರ ಜುಲೈ ತಿಂಗಳಲ್ಲಿ ಹೈಕೋರ್ಟು ತೀರ್ಮಾನಿಸಿತು. ಅಮೆರಿಕದ ಗ್ರಂಥವು ಆದರ್ಶ ಆದಾಯವೆಂದುದನ್ನು ಇಂಗ್ಲೆಂಡಿನ ನ್ಯಾಯಾಧೀಶರು ಆದಾಯವೇ ಆಗಕೂಡದೆಂದರು.

ಕನ್ನಡನಾಡಿನ ಶಾಸನಗಳನ್ನು ಪರಿಶೀಲಿಸಿದವರಿಗೆ ಇಲ್ಲಿ ಒಂದು ಹಳೆಯ ಪದ್ಧತಿ ನೆನಪಾಗದೆ ಇರದು. ಚಾಲುಕ್ಯರ, ಹೊಯ್ಸಳರ ಕಾಲದ ದಾನಶಾಸನಗಳಲ್ಲಿ ಸುಂಕದ ಅಧಿಕಾರಿಗಳೂ ವರ್ತಕಸಂಘಗಳೂ ಇಂಥ ಸರಕಿನ ಮೇಲಣ ಸುಂಕವನ್ನು ಇಂಥ ದೇವರ ನಂದಾದೀವಿಗೆಗೆಂದು ಬಿಟ್ಟುಕೊಟ್ಟುದನ್ನು ಕಾಣುತ್ತೇವಷ್ಟೆ. ಯಾವ ಸುಂಕ, ಎಲ್ಲಿಯದು, ಯಾವುದಕ್ಕೆ, ಯಾರ ಸಾಕ್ಷಿಯಲ್ಲಿ ಎಂಬುದೆಲ್ಲ ಕಲ್ಲಿನ ಮೇಲೆ ಊರಿನವರ ಕಣ್ಣಮುಂದೆ ನಿಂತಿತ್ತು. ಪ್ಯಾಸಡೀನದ ಒಡಂಬಡಿಕೆಯ ಜೀವಾಳವೂ ಇದೇ.

ಒಡಂಬಡಿಕೆ ಇಲ್ಲದೆ ಬೆಲೆಯೊಂದನ್ನೇ ಹಿಡಿದರೆ ಏನಾಗುವುದೆಂಬುದನ್ನು ಷಿಕಾಗೋ ನಗರವು ಗ್ರಂಥ ಹೊರಬಂದ ಮೂರು ವರ್ಷಗಳಲ್ಲಿಯೇ ತೋರಿಸಿತು. 2008ರ ಡಿಸೆಂಬರಿನಲ್ಲಿ ಮೇಯರ್ ರಿಚರ್ಡ್ ಡೇಲಿಯವರು ಬೀದಿಯ ಸುಮಾರು 36,000 ಮೀಟರುಗಳನ್ನು 75 ವರ್ಷಗಳ ಗುತ್ತಿಗೆಗೆ ಸುಮಾರು 115 ಕೋಟಿ ಡಾಲರಿಗೆ ಕೊಡುವುದಾಗಿ ಪ್ರಕಟಿಸಿದರು. ಎರಡು ದಿನಗಳಲ್ಲಿ ನಗರಸಭೆ 40ಕ್ಕೆ 5 ಮತಗಳಿಂದ ಸಮ್ಮತಿಸಿತು. ಮರುವರ್ಷದ ಜೂನಿನಲ್ಲಿ ನಗರದ ಇನ್‌ಸ್ಪೆಕ್ಟರ್ ಜನರಲ್ ಕೊಟ್ಟ ವರದಿಯ ಪ್ರಕಾರ ಆ ಸ್ವತ್ತಿನಿಂದ ನಗರಕ್ಕೆ ಇನ್ನೂ 97 ಕೋಟಿ ಡಾಲರಿಗೆ ಕಡಿಮೆಯಿಲ್ಲದಷ್ಟು ದೊರೆಯಬೇಕಾಗಿತ್ತು. ಅನೇಕ ಬೀದಿಗಳಲ್ಲಿ ಗಂಟೆಗೆ 25 ಸೆಂಟು ಇದ್ದ ಶುಲ್ಕ 2009ರಲ್ಲಿ ಒಂದು ಡಾಲರಿಗೂ 2013ರ ವೇಳೆಗೆ ಎರಡು ಡಾಲರಿಗೂ ಏರಿತು. ಕೇವಲ ಬೆಲೆಯ ದೃಷ್ಟಿಯಿಂದ ನೋಡಿದರೆ ಶೂಪರ ಮೊದಲ ಸೂತ್ರಕ್ಕೆ ಇದು ಹತ್ತಿರವೇ ಬರುತ್ತದೆ. ಎರಡನೆಯ ಸೂತ್ರವಾದರೋ ಸಂಪೂರ್ಣವಾಗಿ ಲೋಪವಾಯಿತು: ಹಣ ಬೀದಿಗೆ ಬರಲಿಲ್ಲ, ನಗರದ ಆಯವ್ಯಯದ ಕೊರತೆಗಳನ್ನು ತುಂಬಲು ಅದರ ಬಹುಭಾಗ ಕೆಲವೇ ವರ್ಷಗಳಲ್ಲಿ ಕರಗಿತು.

ಹಣನಷ್ಟಕ್ಕಿಂತ ಗುರುತರವಾದುದು ಯೋಜನೆಯ ನಷ್ಟ. ಬಸ್ಸಿಗೆ ಪ್ರತ್ಯೇಕ ದಾರಿ ಬಿಡಲು, ಬೈಸಿಕಲ್ಲಿನ ಹಾದಿ ಮಾಡಲು, ಉತ್ಸವಕ್ಕಾಗಿ ಬೀದಿ ಮುಚ್ಚಲು ಮೀಟರುಗಳನ್ನು ನಿಲ್ಲಿಸಿದರೆ ಗುತ್ತಿಗೆದಾರರಿಗೆ ನಷ್ಟ ಕಟ್ಟಿಕೊಡಬೇಕೆಂಬುದು ಕರಾರಿನ ಒಂದು ಷರತ್ತು. 2083ರವರೆಗೆ ಬರಲಿರುವ ಸಭೆಗಳ ಕೈಯನ್ನು ಎರಡು ದಿನಗಳ ಸಭೆಯೊಂದು ಕಟ್ಟಿತು. ನಮ್ಮ ಊರುಗಳಲ್ಲಿ ಸಂತೆಯ ಸುಂಕವನ್ನು ಹರಾಜು ಹಾಕುವ ರೂಢಿಯನ್ನು ಹಳೆಯದೆಂದು ಹೀಯಾಳಿಸುವವರುಂಟು. ಆ ಹರಾಜು ವರ್ಷಕ್ಕೊಮ್ಮೆ ನಡೆಯುತ್ತದೆ, ಜನ ನೋಡುತ್ತಾರೆ. ಶೂಪರ ಗ್ರಂಥದ ಪರಿಷ್ಕೃತ ಆವೃತ್ತಿ 2011ರಲ್ಲಿ ಹೊರಟಿತು. ಷಿಕಾಗೋ ಕರಾರು ಆಗ ಎರಡು ವರ್ಷಗಳಿಗೂ ಹಳೆಯದಾಗಿತ್ತು. ನಿಲುಗಡೆಯ ಶುಲ್ಕವೂ ನಗರದ ಬೆಳವಣಿಗೆಯೂ ಒಂದೇ ವಿಷಯವೆಂದು ಸಾಧಿಸಹೊರಟ ಗ್ರಂಥಕ್ಕೆ ಇದಕ್ಕಿಂತ ತಕ್ಕ ಉದಾಹರಣೆ ದೊರೆಯದು. ಆದರೂ ಗ್ರಂಥದ ವಾದಸರಣಿ ಅದರಿಂದ ಎಲ್ಲಿಯೂ ಕದಲಲಿಲ್ಲ.

ಭಾರತದ ಸಂವಿಧಾನವು ಈ ವಿಷಯದಲ್ಲಿ ಶೂಪರಿಗಿಂತ ಸ್ಪಷ್ಟವಾಗಿದೆ. 1992ರ ಎಪ್ಪತ್ತನಾಲ್ಕನೆಯ ತಿದ್ದುಪಡಿಯಿಂದ ಸೇರಿದ ಹನ್ನೆರಡನೆಯ ಅನುಸೂಚಿಯಲ್ಲಿ ನಗರಯೋಜನೆ ಮೊದಲನೆಯ ಬಾಬು. ವಾಹನ ನಿಲುಗಡೆಯ ಸ್ಥಳಗಳು ಬೀದಿದೀಪ, ಬಸ್ ನಿಲ್ದಾಣಗಳೊಡನೆ ಹದಿನೇಳನೆಯದು. ಎರಡೂ ಪೌರಸಭೆಗೆ ಸಲ್ಲತಕ್ಕವು. ಆದರೆ ಈ ಅಧಿಕಾರಗಳನ್ನು ರಾಜ್ಯದ ಶಾಸನಸಭೆ ಕೊಡ'ಬಹುದು' ಎಂದು ವಿಧಿಯಲ್ಲಿರುವುದರಿಂದ ಆಚರಣೆ ಬೇರೆಯಾಯಿತು. 2007ರಲ್ಲಿ ಅಂಗೀಕೃತವಾದ ಬೆಂಗಳೂರಿನ ಮಹಾಯೋಜನೆಯನ್ನು ಸಿದ್ಧಪಡಿಸಿದುದು ಮಹಾನಗರಪಾಲಿಕೆಯಲ್ಲ, 1976ರ ಶಾಸನದಿಂದ ಹುಟ್ಟಿದ ಅಭಿವೃದ್ಧಿ ಪ್ರಾಧಿಕಾರ. ಕಟ್ಟಡಕ್ಕೆ ಎಷ್ಟು ಗಾಡಿಗಳ ಸ್ಥಳವೆಂಬುದು ಅದರ ವಲಯನಿಯಮಗಳಲ್ಲಿಯೇ ಸೇರಿತು. ನಿವಾಸಿಗಳ ಗಾಡಿಗಳಿಗೆ ವರ್ಷಕ್ಕೆ 1,000ದಿಂದ 5,000 ರೂಪಾಯಿಗಳವರೆಗೆ ಪರವಾನಿಗೆ ಶುಲ್ಕವನ್ನು ಸೂಚಿಸಿದ ನಿಲುಗಡೆ ನೀತಿಗೆ ಸರ್ಕಾರದ ಒಪ್ಪಿಗೆ ದೊರೆತುದು 2021ರಲ್ಲಿ. ಪಾಲಿಕೆಯ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿಯೇ ಮುಗಿದಿತ್ತು; 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯೇ ಐದಾಗುವವರೆಗೂ ಅಲ್ಲಿ ಚುನಾಯಿತ ಸಭೆಯಿರಲಿಲ್ಲ. ಶೂಪರು ಬಯಸಿದಂತೆ ಬೆಲೆಯನ್ನು ಸಭೆಯ ಕೈಯಿಂದ ತಪ್ಪಿಸುವ ಪ್ರಶ್ನೆಯೇ ಅಲ್ಲಿ ಹುಟ್ಟಲಿಲ್ಲ.

ಗ್ರಂಥವನ್ನು ಕನ್ನಡಕ್ಕೆ ತರಲು ಯಾರಾದರೂ ಮನಸ್ಸು ಮಾಡಿದರೆ ಮೂರನೆಯ ಅಧ್ಯಾಯವನ್ನೂ ಪ್ಯಾಸಡೀನದ ಪ್ರಕರಣವನ್ನೂ ಮೊದಲು ಕೈಗೆತ್ತಿಕೊಳ್ಳುವುದು ಲೇಸು. ದೃಷ್ಟಾಂತಗಳನ್ನು ಸಂಕ್ಷೇಪಿಸಿದರೆ ನಷ್ಟವಿಲ್ಲ. ಕಷ್ಟ ಬರುವುದು ಶುಲ್ಕವಾಚಕ ಶಬ್ದಗಳಲ್ಲಿ: ಎಲ್ಲೆಡೆಯೂ 'ಶುಲ್ಕ'ವೆಂದು ಒಂದೇ ಮಾತನ್ನು ಬಳಸಿದರೆ ಮೂಲದ ಸಂದಿಗ್ಧತೆ ಮುಚ್ಚಿಹೋಗುತ್ತದೆ, ಬೆಲೆ, ಬಾಡಿಗೆ, ಸುಂಕಗಳನ್ನು ಆಯಾ ಸಂದರ್ಭಕ್ಕೆ ತಕ್ಕಂತೆ ಬೇರೆಯಾಗಿಟ್ಟರೆ ಗ್ರಂಥಕರ್ತರು ಒಂದರಿಂದ ಮತ್ತೊಂದಕ್ಕೆ ಜಾರಿದ ಸ್ಥಳಗಳೆಲ್ಲ ಕನ್ನಡ ವಾಚಕರಿಗೆ ಪುಟಪುಟದಲ್ಲಿಯೂ ಕಾಣಿಸಿಕೊಳ್ಳುವವು.