ಲಾವ್ ತೀರ್ಪಿನ ಐವತ್ತು ವರ್ಷ: ತರಗತಿಯೊಳಗೆ ಮಗು, ಬಾಗಿಲಾಚೆ ಮನೆಯವರು

1970ರ ಆಸುಪಾಸಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಬಾರದ ಚೀನೀ ಮೂಲದ 2,856 ಮಕ್ಕಳಿದ್ದರು. ಅವರಲ್ಲಿ ಸುಮಾರು ಒಂದು ಸಾವಿರ ಮಂದಿಗೆ ಮಾತ್ರ ಇಂಗ್ಲಿಷ್ ಕಲಿಯಲು ಹೆಚ್ಚುವರಿ ಪಾಠ ಸಿಗುತ್ತಿತ್ತು. ಉಳಿದ 1,800 ಮಕ್ಕಳು ಅರ್ಥವಾಗದ ಪಾಠ ಕೇಳುತ್ತ ದಿನ ಕಳೆಯುತ್ತಿದ್ದರು. ಎಲ್ಲರಿಗೂ ಅದೇ ಪುಸ್ತಕ, ಅದೇ ಮೇಷ್ಟ್ರು, ಅದೇ ಪಠ್ಯಕ್ರಮ ಕೊಟ್ಟಿರುವಾಗ ತಾರತಮ್ಯದ ಮಾತೆಲ್ಲಿಂದ ಬಂತು ಎನ್ನುವುದು ಶಾಲಾಡಳಿತದ ನಿಲುವು. ಕೆಳಗಿನ ಎರಡು ನ್ಯಾಯಾಲಯಗಳೂ ಮಕ್ಕಳ ಅಹವಾಲನ್ನು ತಳ್ಳಿಹಾಕಿದವು. ಕಿನ್ನಿ ಕಿನ್ಮನ್ ಲಾವ್ ಎಂಬ ಬಾಲಕನ ಹೆಸರಿನ ಆ ದಾವೆ ಅಮೆರಿಕದ ಸುಪ್ರೀಂ ಕೋರ್ಟ್ ಮುಟ್ಟಿತು. 1974ರ ಜನವರಿ 21ರಂದು ನ್ಯಾಯಾಲಯ ಒಮ್ಮತದಿಂದ ಮಕ್ಕಳ ಪರ ನಿಂತಿತು. ಭಾಷೆಯೇ ತಿಳಿಯದ ಮಗುವಿಗೆ ಉಳಿದವರಷ್ಟೇ ಕೊಟ್ಟರೆ ಅದು ಸಮಾನತೆ ಅನ್ನಿಸಿಕೊಳ್ಳುವುದಿಲ್ಲ ಎಂಬುದು ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಬರೆದ ತೀರ್ಪಿನ ತಿರುಳು.

ಅಮೆರಿಕದ ಶಾಲೆಗಳು ಇಂದು ಇಂಗ್ಲಿಷ್ ಕಲಿಕೆಯ ಮಕ್ಕಳಿಗೆ ಕೊಡುವ ಬೆಂಬಲವೆಲ್ಲ ಈ ತೀರ್ಪಿನ ಬುನಾದಿಯ ಮೇಲೆ ನಿಂತಿದೆ. ಅಂಥ ಮಕ್ಕಳು ಈಗ 50 ಲಕ್ಷಕ್ಕೂ ಹೆಚ್ಚು, ಅಂದರೆ ಸರ್ಕಾರಿ ಶಾಲೆಯ ಹತ್ತು ಮಕ್ಕಳಲ್ಲಿ ಒಬ್ಬರು. ಅರ್ಧ ಶತಮಾನದ ಈ ವ್ಯವಸ್ಥೆಯನ್ನು ಇಂಗ್ಲಿಷ್ ಪರೀಕ್ಷೆಯ ಅಂಕಗಳಿಂದಲೇ ಅಳೆಯುವುದು ರೂಢಿ. ಆ ಅಳತೆ ಸಾಲದು. ಮಗುವಿನ ಅಪ್ಪ ಅಮ್ಮ ಶಾಲೆಗೆ ಬಂದು ತಮ್ಮ ಮಾತಿನಲ್ಲಿ ಒಂದು ಪ್ರಶ್ನೆ ಕೇಳಿ, ಅದಕ್ಕೆ ಉತ್ತರ ಪಡೆದು ಮನೆಗೆ ಹೋಗಬಲ್ಲರೇ ಎಂದೂ ನೋಡಬೇಕು. ಹಾಗೆ ನೋಡಿದರೆ ವ್ಯವಸ್ಥೆ ಮಗುವಿನ ವಿಷಯದಲ್ಲಿ ಬಹಳಷ್ಟು ಮುಂದೆ ಬಂದಿದೆ, ಮನೆಯವರ ವಿಷಯದಲ್ಲಿ ಹೊಸ್ತಿಲಲ್ಲೇ ನಿಂತಿದೆ.

ಮೊದಲ ಕೊರತೆ ತೀರ್ಪಿನಲ್ಲೇ ಇತ್ತು. ಮಕ್ಕಳಿಗೆ ಇಂಗ್ಲಿಷ್ ಕಲಿಸುವುದೋ, ಅವರ ಭಾಷೆಯಲ್ಲೇ ಪಾಠ ಹೇಳುವುದೋ, ಬೇರೆ ದಾರಿ ಹುಡುಕುವುದೋ ಎಂಬುದನ್ನು ನ್ಯಾಯಾಲಯ ಶಾಲೆಗಳಿಗೇ ಬಿಟ್ಟಿತು. 1981ರಲ್ಲಿ ಟೆಕ್ಸಸ್‌ನ ರೇಮಂಡ್‌ವಿಲ್ ಶಾಲೆಗಳ ಮೇಲಿನ ಕಾಸ್ಟನೇಡಾ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ ಮೂರು ಒರೆಗಲ್ಲುಗಳನ್ನು ಕೊಟ್ಟಿತು: ಕಲಿಸುವ ಕ್ರಮಕ್ಕೆ ತಜ್ಞರು ಒಪ್ಪುವ ಆಧಾರವಿರಬೇಕು, ಅದಕ್ಕೆ ತಕ್ಕ ಶಿಕ್ಷಕರೂ ಸಾಮಗ್ರಿಯೂ ಇರಬೇಕು, ಸ್ವಲ್ಪ ಕಾಲದ ಮೇಲೆ ಫಲ ಕಾಣಬೇಕು. ಚೊಕ್ಕವಾದ ನಿಯಮ. ಆದರೆ ಈ ಮೂರರಲ್ಲಿ ಮನೆಯವರ ಸುದ್ದಿಯೇ ಇಲ್ಲ.

ದಾರಿಯನ್ನು ಮುಕ್ತವಾಗಿ ಬಿಟ್ಟಿದ್ದರಿಂದ ರಾಜಕೀಯ ಒಳಹೊಕ್ಕಿತು. ಸಾಫ್ಟ್‌ವೇರ್ ಉದ್ಯಮಿ ರಾನ್ ಅಂಜ್ ಮುಂದೆ ನಿಂತು ನಡೆಸಿದ ಪ್ರಪೊಸಿಷನ್ 227 ಎಂಬ ಜನಮತ ಪ್ರಸ್ತಾವಕ್ಕೆ ಕ್ಯಾಲಿಫೋರ್ನಿಯಾದ ಮತದಾರರು 1998ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟರು. ಸಾಮಾನ್ಯವಾಗಿ ಒಂದು ವರ್ಷ ಮೀರದಂತೆ ಇಂಗ್ಲಿಷ್‌ನಲ್ಲೇ ತೀವ್ರ ಪಾಠ, ಆಮೇಲೆ ಎಲ್ಲರ ಜೊತೆ ಮಾಮೂಲಿ ತರಗತಿ ಎಂಬುದು ಅದರ ಯೋಜನೆ. ಆ ಹೊತ್ತಿಗಾಗಲೇ ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ ಈ ಲೆಕ್ಕಾಚಾರದ ದೋಷವನ್ನು ತೋರಿಸಿದ್ದರು. ಆಟದ ಮೈದಾನದ ಇಂಗ್ಲಿಷ್ ಒಂದೆರಡು ವರ್ಷದಲ್ಲಿ ಬರುತ್ತದೆ. ವಿಜ್ಞಾನದ ಪಾಠ ಓದಿ ಉತ್ತರ ಬರೆಯುವ ಇಂಗ್ಲಿಷ್‌ಗೆ ಐದರಿಂದ ಏಳು ವರ್ಷ ಬೇಕು. ಚಟಪಟ ಮಾತಾಡುವ ಮಗು ಪರೀಕ್ಷೆಯಲ್ಲಿ ಸೋತರೆ ಅದು ದಡ್ಡತನ ಅಲ್ಲ, ಕಲಿಕೆ ಇನ್ನೂ ನಡುದಾರಿಯಲ್ಲಿದೆ ಎಂದಷ್ಟೇ ಅರ್ಥ. ಇದನ್ನು ಬಲ್ಲ ಶಿಕ್ಷಕರಿದ್ದೂ ಕಾನೂನು ಒಂದು ವರ್ಷದ ಗಡುವು ಹಾಕಿತು. ಮಗುವಿಗೆ ದ್ವಿಭಾಷಾ ತರಗತಿಯೇ ಬೇಕೆನ್ನುವ ಪೋಷಕರು ಪ್ರತಿವರ್ಷ ಖುದ್ದು ಶಾಲೆಗೆ ಬಂದು ವಿನಾಯಿತಿಗೆ ಅರ್ಜಿ ಕೊಡಬೇಕಿತ್ತು. ಹೊಲದಲ್ಲಿ, ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುವವರಿಗೆ ಆ ಒಂದು ದಿನದ ಕೂಲಿ ಎಂದರೆ ಸಣ್ಣ ಮಾತಲ್ಲ.

2016ರ ನವೆಂಬರ್‌ನಲ್ಲಿ ಪ್ರಪೊಸಿಷನ್ 58ರ ಮೂಲಕ ಅದೇ ರಾಜ್ಯದ ಮತದಾರರು ಆ ನಿರ್ಬಂಧವನ್ನು ತೆಗೆದುಹಾಕಿದರು. ಅದಕ್ಕೆ ಎರಡು ವರ್ಷ ಮೊದಲೇ ಇಲಾನಾ ಉಮಾನ್‌ಸ್ಕಿ ಮತ್ತು ಶಾನ್ ರಿಯರ್ಡನ್ ಅವರ ಅಧ್ಯಯನ ಹೊರಬಂದಿತ್ತು. ಎರಡೂ ಭಾಷೆಗಳಲ್ಲಿ ಓದಿದ ಲ್ಯಾಟಿನೊ ಮಕ್ಕಳು ಪ್ರಾಥಮಿಕ ಹಂತದಲ್ಲಿ ಇಂಗ್ಲಿಷ್‌ನಲ್ಲಿ ಹಿಂದೆ ಬಿದ್ದಂತೆ ಕಂಡರು. ಪ್ರೌಢಶಾಲೆ ಮುಗಿಯುವ ಹೊತ್ತಿಗೆ, ಬರೀ ಇಂಗ್ಲಿಷ್‌ನಲ್ಲಿ ಓದಿದವರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಇಂಗ್ಲಿಷ್ ಬಲ್ಲವರೆಂದು ತೇರ್ಗಡೆಯಾದರು. ದ್ವಿಭಾಷಾ ತರಗತಿಯ ಹೆಚ್ಚುಗಾರಿಕೆ ಅಂಕಗಳಲ್ಲಿ ಮಾತ್ರ ಇಲ್ಲ. ಅಮ್ಮನಿಗೆ ಓದಲು ಬರುವ ಭಾಷೆಯಲ್ಲಿ ಮಗುವಿನ ಪುಸ್ತಕ ಇರುತ್ತದೆ, ಅವಳು ಪಕ್ಕದಲ್ಲಿ ಕೂತು ಹೋಂವರ್ಕ್ ಮಾಡಿಸಬಲ್ಲಳು.

ಶಾಲೆ ಮತ್ತು ಮನೆಯ ನಡುವಣ ಭಾಷಾಂತರವೇ ಇಡೀ ವ್ಯವಸ್ಥೆಯ ಅತಿ ದುರ್ಬಲ ಕೊಂಡಿ. ಇಂಗ್ಲಿಷ್ ಅರಿಯದ ಪೋಷಕರಿಗೆ ಅರ್ಥವಾಗುವ ಭಾಷೆಯಲ್ಲೇ ಮಾಹಿತಿ ಕೊಡಬೇಕು, ಅದಕ್ಕೆ ಮಕ್ಕಳನ್ನೇ ದುಭಾಷಿಗಳನ್ನಾಗಿ ಬಳಸಬಾರದು ಎಂದು ಒಕ್ಕೂಟ ಸರ್ಕಾರ 2015ರ ಜನವರಿಯಲ್ಲಿ ಶಾಲೆಗಳಿಗೆ ಸ್ಪಷ್ಟ ಮಾರ್ಗಸೂಚಿ ಕಳಿಸಿತು. ತನ್ನದೇ ತುಂಟತನದ ದೂರನ್ನು ಮಗು ಅಮ್ಮನಿಗೆ ಅನುವಾದಿಸಿ ಹೇಳುವ ಪಾಡು ಯಾರಿಗೂ ಬೇಡ. ಆದರೆ ದುಭಾಷಿ ಇದ್ದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಕ್ಯಾಲಿಫೋರ್ನಿಯಾದ ಓಕ್‌ಲೆಂಡ್‌ನಲ್ಲಿ ಗ್ವಾಟೆಮಾಲಾದಿಂದ ಬಂದ ಅನೇಕ ಕುಟುಂಬಗಳ ಮನೆಮಾತು ಮಾಮ್ ಎಂಬ ಮಾಯಾ ಭಾಷೆ. ಬಂದ ದೇಶವನ್ನಷ್ಟೇ ನೋಡಿ ಸ್ಪ್ಯಾನಿಷ್ ಪತ್ರ ಕಳಿಸಿದರೆ ಅಂಥ ಮನೆಗೆ ಅದೂ ಪರಭಾಷೆಯೇ.

ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳೂ ಮಗುವನ್ನು ಶಾಲೆಗೆ ಸೇರಿಸುವಾಗ ಮನೆಮಾತಿನ ಅರ್ಜಿ ತುಂಬುತ್ತವೆ. ಕನ್ನಡ ಎಂದು ಬರೆದರೆ ಮಗುವಿಗೆ ಪರೀಕ್ಷೆ, ಬೇರೆ ಪಾಠ ಎಂಬ ಅಳುಕಿನಿಂದ ಇಂಗ್ಲಿಷ್ ಎಂದೇ ಬರೆಯುವವರಿದ್ದಾರೆ. ಆದರೂ ಎಂಜಿನಿಯರ್ ಅಪ್ಪ ಅಮ್ಮ ಶಿಕ್ಷಕಿಗೆ ಒಂದು ಇಮೇಲ್ ಬರೆದು ಸಂದೇಹ ಪರಿಹರಿಸಿಕೊಳ್ಳಬಲ್ಲರು. ಮಾಮ್ ಮಾತಾಡುವ ತಾಯಿಗೆ ಆ ಅನುಕೂಲ ಇಲ್ಲ. ಇಬ್ಬರಿಗೂ ಕೊಡುವ ಅರ್ಜಿ ಮಾತ್ರ ಒಂದೇ.

ಈ ಅಂತರ ತುಂಬುವ ದಾರಿಗಳು ಇಲ್ಲದೇ ಇಲ್ಲ. ಅರಿಜೋನಾದ ಟೂಸಾನ್‌ನಲ್ಲಿ ಲೂಯಿಸ್ ಮಾಲ್ ಮತ್ತು ಸಂಗಡಿಗರು ಶಿಕ್ಷಕರನ್ನು ಮೆಕ್ಸಿಕನ್ ಮೂಲದವರ ಮನೆಗಳಿಗೆ ಕಳಿಸಿದರು. ಅಲ್ಲಿನ ಬೇಸಾಯ, ಗಾರೆ ಕೆಲಸ, ಗಿಡಮೂಲಿಕೆ, ವ್ಯಾಪಾರದ ತಿಳಿವಳಿಕೆಯನ್ನು ಪಾಠಕ್ಕೆ ತಂದರು. 1998ರಲ್ಲಿ ಸ್ಯಾಕ್ರಮೆಂಟೊದಲ್ಲಿ ಆರಂಭವಾದ ಶಿಕ್ಷಕರ ಮನೆಭೇಟಿ ಯೋಜನೆಯಂತೂ ಈ ಕ್ಷೇತ್ರದ ಅತ್ಯಂತ ವಿವೇಕದ ಕೆಲಸ. ಶಿಕ್ಷಕರು ಇಬ್ಬಿಬ್ಬರಾಗಿ ಹೋಗುತ್ತಾರೆ, ಅದಕ್ಕೆ ಸಂಭಾವನೆಯೂ ಉಂಟು. ಮೊದಲ ಭೇಟಿಯಲ್ಲಿ ಅಂಕಪಟ್ಟಿ ತೆಗೆಯುವುದಿಲ್ಲ, ಮಗುವಿನ ಬಗ್ಗೆ ಮನೆಯವರ ಆಸೆ ಏನೆಂದು ಕೇಳುತ್ತಾರೆ. ದೂರು ಹೇಳಲು ಮಾತ್ರ ಕರೆ ಮಾಡುವ ಶಾಲೆಯನ್ನು ಕಂಡವರಿಗೆ ಈ ಒಂದು ಪ್ರಶ್ನೆಯ ಬೆಲೆ ಗೊತ್ತು.

ಇವೆಲ್ಲಕ್ಕೂ ಹಣ ಬೇಕು. ಇಂಗ್ಲಿಷ್ ಕಲಿಕೆಗೆಂದೇ ಒಕ್ಕೂಟ ಸರ್ಕಾರ ಕೊಡುತ್ತಿದ್ದ ಅನುದಾನ ವರ್ಷಕ್ಕೆ ಸುಮಾರು 89 ಕೋಟಿ ಡಾಲರ್, ತಲೆಗೆ ಹಂಚಿದರೆ ಒಂದು ಮಗುವಿಗೆ 180 ಡಾಲರೂ ಬೀಳದು. 2026ರ ಆಯವ್ಯಯ ಪ್ರಸ್ತಾವದಲ್ಲಿ ಟ್ರಂಪ್ ಆಡಳಿತ ಅದನ್ನೂ ಪೂರ್ತಿ ಕೈಬಿಡಲು ಹೊರಟಿತು. 2025ರ ಆಗಸ್ಟ್‌ನಲ್ಲಿ 2015ರ ಮಾರ್ಗಸೂಚಿಯನ್ನು ಹಿಂತೆಗೆದುಕೊಂಡಿತು. ಲಾವ್ ತೀರ್ಪು ಮತ್ತು 1974ರ ಸಮಾನ ಶೈಕ್ಷಣಿಕ ಅವಕಾಶ ಕಾಯ್ದೆ ಊರ್ಜಿತವಾಗಿಯೇ ಇವೆ, ಹಾಗಾಗಿ ಮಗುವಿಗೆ ಪಾಠ ನಿರಾಕರಿಸುವಂತಿಲ್ಲ. ಮನೆಯವರನ್ನು ಕಾಯುತ್ತಿದ್ದದ್ದು ಬಹುಪಾಲು ಆ ಮಾರ್ಗಸೂಚಿ. ಪೋಷಕರ ಸಭೆಗೆ ಮಾಮ್ ಬಲ್ಲ ದುಭಾಷಿಯನ್ನು ಕರೆಸಲು ಇನ್ನು ಮುಂದೆ ಒಕ್ಕೂಟ ಸರ್ಕಾರದ ಒತ್ತಾಯ ಮೊದಲಿನಷ್ಟು ಇರುವುದಿಲ್ಲ. ಆ ಖರ್ಚು ಬೇಕೋ ಬೇಡವೋ ಎಂದು ಬಹುಮಟ್ಟಿಗೆ ಆಯಾ ಊರಿನ ಶಾಲಾ ಮಂಡಳಿಯೇ ತೀರ್ಮಾನಿಸಬೇಕು. ಮಂಡಳಿಯ ಸಭೆಯಲ್ಲಿ ಎದ್ದು ನಿಂತು ಅದನ್ನು ಕೇಳಬೇಕಾದವರು ಇಂಗ್ಲಿಷ್ ಬಾರದ ಅದೇ ತಾಯಿ ತಂದೆ.