ಆಲದ ಸಾಲಿಗೆ ತಾಯ್ತನದ ಕತೆ ಸಾಲದು

ಸಾಲುಮರದ ತಿಮ್ಮಕ್ಕನವರ ಕತೆ ನಮಗೆಲ್ಲ ಬಾಯಿಪಾಠವಾಗಿದೆ. ಮದುವೆಯಾಗಿ ವರ್ಷಗಳು ಕಳೆದರೂ ಮಕ್ಕಳಾಗಲಿಲ್ಲ. ಆ ಕೊರಗು ಮರೆಯಲು ರಸ್ತೆ ಬದಿಯಲ್ಲಿ ಆಲದ ಸಸಿ ನೆಟ್ಟರು. ಅವನ್ನೇ ಮಕ್ಕಳೆಂದುಕೊಂಡು ನೀರೆರೆದು ಸಾಕಿದರು. ಶಾಲೆಯ ಮೆಟ್ಟಿಲು ಹತ್ತದ ಹೆಣ್ಣುಮಗಳು ಪದ್ಮಶ್ರೀವರೆಗೆ ಬಂದರು. 2025ರ ನವೆಂಬರ್‌ನಲ್ಲಿ ಅವರು ತೀರಿಕೊಂಡಾಗ ನಾನು ಓದಿದ ನುಡಿನಮನಗಳಲ್ಲಿ ಹೆಚ್ಚಿನವು ಇದೇ ನಾಲ್ಕು ಮಾತುಗಳನ್ನು ಹಿಂದುಮುಂದು ಮಾಡಿ ಹೇಳಿದ್ದವು. ಕೊನೆಗೊಂದು ಕರೆ: ಒಬ್ಬೊಬ್ಬರೂ ತಿಮ್ಮಕ್ಕನಂತಾದರೆ ನಾಡು ತಾನಾಗಿ ಹಸಿರಾಗುತ್ತದೆ.

ನನ್ನ ಜಗಳ ಈ ಕತೆಯೊಂದಿಗೆ. ಅದು ಸುಳ್ಳೆಂದು ನಾನು ಹೇಳುತ್ತಿಲ್ಲ. ಮರಗಳನ್ನು ಮಕ್ಕಳೆಂದು ಕರೆದವರು ಸ್ವತಃ ತಿಮ್ಮಕ್ಕ. ಅದನ್ನು ಅಲ್ಲಗಳೆಯುವ ಹಕ್ಕು ನನಗಿಲ್ಲ. ಆದರೆ ಆ ಕತೆ ಸಸಿ ನೆಟ್ಟಿದ್ದೇಕೆ ಎಂಬಷ್ಟಕ್ಕೆ ಮಾತ್ರ ಉತ್ತರ ಕೊಡುತ್ತದೆ. ಅವು ಉಳಿದದ್ದು ಹೇಗೆ ಎಂಬ ಪ್ರಶ್ನೆಯನ್ನು ಅದು ಕೇಳುವುದೇ ಇಲ್ಲ. 1950ರಿಂದ ಈ ದೇಶ ವರ್ಷವರ್ಷವೂ ವನಮಹೋತ್ಸವ ಮಾಡುತ್ತಾ ಬಂದಿದೆ. ನೆಟ್ಟವರಿಗೆ ಬರವಿಲ್ಲ. ತಿಮ್ಮಕ್ಕ ಸಸಿ ನೆಟ್ಟ ಹುಲಿಕಲ್–ಕುದೂರು ರಸ್ತೆಯ ವಿಶೇಷ ಇರುವುದು ಅಲ್ಲಿನ 385 ಆಲಗಳು ಬದುಕಿದ್ದರಲ್ಲಿ. ಬದುಕಿಸಿದ್ದು ಪ್ರೀತಿಯೊಂದೇ ಅಂದುಬಿಟ್ಟರೆ ಅವರ ಬುದ್ಧಿಗೂ ಗೈಮೆಗೂ ಅನ್ಯಾಯ ಮಾಡಿದಂತೆ.

ಗೈಮೆಯ ವಿವರಗಳನ್ನೇ ನೋಡೋಣ. ತಿಮ್ಮಕ್ಕ ಗುಬ್ಬಿ ತಾಲ್ಲೂಕಿನವರು. ಮದುವೆಯಾಗಿ ಬಂದದ್ದು ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೆ. ಕಲ್ಲು ಕ್ವಾರಿಯಲ್ಲಿ ಕೂಲಿ ಮಾಡಿದವರು. ಗಂಡಹೆಂಡಿರು ಊರ ಸುತ್ತಲಿದ್ದ ಆಲದ ಮರಗಳಿಂದಲೇ ಸಸಿ ಮಾಡಿಕೊಂಡರು. ಮೊದಲ ವರ್ಷ ನೆಟ್ಟದ್ದು 10, ಮರುವರ್ಷ 15, ಅದರ ಮರುವರ್ಷ 20. ಈ ಲೆಕ್ಕವನ್ನು ಪ್ರತಿ ಲೇಖನವೂ ಕೊಡುತ್ತದೆ, ಯಾವುದೂ ಅದರ ಮುಂದೆ ನಿಲ್ಲುವುದಿಲ್ಲ. ನನಗೆ ಇಡೀ ಕತೆಯಲ್ಲಿ ಮುಖ್ಯವಾಗಿ ಕಾಣುವುದು ಇದೇ. ಇಬ್ಬರು ಕೂಲಿಯವರು ದಿನದ ದುಡಿಮೆಯ ಜೊತೆಗೆ ಎಷ್ಟು ಸಸಿಗೆ ನೀರು ಹೊರಬಲ್ಲರೋ ಅಷ್ಟೇ ಗುಂಡಿ ತೋಡಿದ್ದಾರೆ; ಹಳೆಯವು ಬೇರು ಬಿಟ್ಟು ತಮ್ಮ ಕಾಲ ಮೇಲೆ ನಿಂತಂತೆ ಹೊಸದನ್ನು ಕೂಡಿಸಿದ್ದಾರೆ. ನೆಟ್ಟದ್ದು ಹೆಚ್ಚಾಗಿ ಮಳೆಗಾಲದಲ್ಲಿ. ಮಳೆ ನಿಂತ ಮೇಲೆ ಕೊಡದಲ್ಲಿ ನೀರು ಹೊತ್ತು ನಾಲ್ಕು ಕಿಲೋಮೀಟರ್ ನಡೆದಿದ್ದಾರೆ. ದನಕರು ಬಾಯಿ ಹಾಕದಂತೆ ಸಸಿಗೊಂದು ಮುಳ್ಳುಬೇಲಿ ಕಟ್ಟಿದ್ದಾರೆ. ಒಂದೇ ದಿನಕ್ಕೆ ಲಕ್ಷ ಸಸಿ ನೆಟ್ಟು ದಾಖಲೆ ಬರೆಸುವ ನಮ್ಮ ಅಭಿಯಾನಗಳಲ್ಲಿ ಈ ವಿವೇಕ ಇಲ್ಲ. ಅಲ್ಲಿ ಗುರಿ ನಿಗದಿಯಾಗುವುದು ಕಡತದಲ್ಲಿ. ಹುಲಿಕಲ್ಲಿನಲ್ಲಿ ಅದನ್ನು ನಿಗದಿ ಮಾಡಿದ್ದು ಹೊರುವ ಹೆಗಲು.

ಮರದ ಆಯ್ಕೆಯೂ ಕೈಗೆ ಸಿಕ್ಕಿದ್ದು ನೆಟ್ಟರು ಅನ್ನುವಂಥದ್ದಲ್ಲ ಎಂದು ನಾನು ಓದುತ್ತೇನೆ. ಆಲ ಬಯಲುಸೀಮೆಯ ಬಿಸಿಲು ತಡೆಯುತ್ತದೆ, ಶತಮಾನಗಟ್ಟಲೆ ಬಾಳುತ್ತದೆ, ಮರಮುಟ್ಟಿಗೆ ಅಷ್ಟಾಗಿ ಬಾರದ್ದರಿಂದ ಕಳ್ಳರ ಕಣ್ಣು ಬೀಳುವುದಿಲ್ಲ. ಊರಿನವರು ಅದಕ್ಕೆ ಕೊಡಲಿ ಹಾಕಲು ಹಿಂಜರಿಯುತ್ತಾರೆ. ನಾಲ್ಕೂವರೆ ಕಿಲೋಮೀಟರ್ ಉದ್ದಕ್ಕೆ ಒಂದೇ ಜಾತಿಯ ಮರ ನೆಟ್ಟರೆ ಅದೂ ಏಕಜಾತಿ ನೆಡುತೋಪಿನ ಹಾಗೆಯೇ ಆಗಲಿಲ್ಲವೇ ಎಂಬ ಆಕ್ಷೇಪ ಪರಿಸರ ಬಲ್ಲವರಿಂದ ಬರಬಹುದು. ಆಲದ ಮಟ್ಟಿಗೆ ಆ ಆಕ್ಷೇಪ ನಿಲ್ಲದು. ಆಲದ ಹಣ್ಣು ಕಟ್ಟಬೇಕಾದರೆ ಅದಕ್ಕೇ ಮೀಸಲಾದ ಪುಟ್ಟ ಕಣಜವೊಂದು ಪರಾಗ ಒಯ್ಯಬೇಕು. ಆ ಕಣಜದ ಸಂತತಿ ಬೆಳೆಯುವುದೂ ಆಲದ ಕಾಯೊಳಗೇ. ಮರಗಳೆಲ್ಲ ಒಟ್ಟಿಗೇ ಹಣ್ಣು ಬಿಟ್ಟು ಒಟ್ಟಿಗೇ ಬರಿದಾದರೆ ಕಣಜದ ಸಂತತಿಯೇ ಕಡಿದುಹೋಗುತ್ತದೆ. ಹಾಗಾಗಿ ಒಂದೊಂದು ಆಲ ಒಂದೊಂದು ಹೊತ್ತಿಗೆ ಹಣ್ಣಾಗುತ್ತದೆ. ನೂರಾರು ಆಲಗಳು ಒಂದೆಡೆ ಇದ್ದರೆ, ಬೇರೆ ಮರಗಳು ಬರಿದಾಗಿರುವ ತಿಂಗಳುಗಳಲ್ಲೂ ಕುಟುರ, ಮೈನಾ, ಹಸಿರು ಪಾರಿವಾಳ, ಬಾವಲಿಗಳಿಗೆ ಎಲ್ಲೋ ಒಂದು ಕೊಂಬೆಯಲ್ಲಿ ಊಟ ಸಿಗುತ್ತದೆ. ತಿಮ್ಮಕ್ಕನವರಿಗೆ ಕಣಜದ ವಿಷಯ ಗೊತ್ತಿತ್ತೆಂದು ನಾನು ವಾದಿಸುತ್ತಿಲ್ಲ. ಹಕ್ಕಿ ಯಾವ ಮರಕ್ಕೆ ಬರುತ್ತದೆ, ದನ ಯಾವ ಮರದಡಿ ಮಲಗುತ್ತದೆ ಎಂಬುದು ರೈತಾಪಿ ಊರಿನಲ್ಲಿ ಬೆಳೆದವರ ಕಣ್ಣಿಗೆ ಬಿದ್ದೇ ಇರುತ್ತದೆ. ಆ ತಿಳಿವಳಿಕೆಯನ್ನು ಕತೆಯಿಂದ ತೆಗೆದುಹಾಕಿ ಅಲ್ಲಿ ಮಮತೆಯನ್ನಷ್ಟೇ ಕೂರಿಸಿದ್ದೇವೆ.

ಇನ್ನೊಂದನ್ನೂ ತೆಗೆದುಹಾಕಿದ್ದೇವೆ, ತಿಮ್ಮಕ್ಕನವರ ಗಂಡ ಚಿಕ್ಕಯ್ಯನವರನ್ನು. ಮಾತು ತೊದಲುತ್ತಿದ್ದುದರಿಂದ ಊರವರು ಬಿಕ್ಕಲು ಚಿಕ್ಕಯ್ಯ ಎನ್ನುತ್ತಿದ್ದ ಆ ಮನುಷ್ಯ ಗುಂಡಿ ತೋಡಿದವರು, ನೀರು ಹೊತ್ತವರು, ಬೇಲಿ ಕಟ್ಟಿದವರು. 1991ರಲ್ಲಿ ತೀರಿಕೊಂಡರು. ತಿಮ್ಮಕ್ಕನವರಿಗೆ ರಾಷ್ಟ್ರಮಟ್ಟದ ಮನ್ನಣೆ ಬರತೊಡಗಿದ್ದು 1995ರಿಂದ ಈಚೆಗೆ. ಮಕ್ಕಳಿಲ್ಲದ ನೋವು ಅವರಿಗೂ ಇದ್ದೀತು; ಆದರೆ ಅವರನ್ನು ಯಾರೂ ವೃಕ್ಷಪಿತ ಅನ್ನಲಿಲ್ಲ. ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ಕುರಿ ಕಾಯುತ್ತಾ ಬೆಟ್ಟದ ಮೇಲೆ ಪ್ರಾಣಿಪಕ್ಷಿಗಳಿಗೆಂದು ನೀರಿನ ಕಟ್ಟೆಗಳನ್ನು ಕಟ್ಟಿದಾಗ ನಾವು ಅವರನ್ನು ಭಗೀರಥನಿಗೆ ಹೋಲಿಸಿದೆವು. ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡದಲ್ಲಿ ಒಂದರ ಮೇಲೊಂದು ಸುರಂಗ ಕೊರೆದು, ಹಲವು ಬತ್ತಿಹೋದ ಮೇಲೂ ಬಿಡದೆ ನೀರು ತಂದಾಗ ಅವರ ಹಟವನ್ನೂ ಕಸುಬನ್ನೂ ಹೊಗಳಿದೆವು. ಗಂಡಸು ಮಾಡಿದರೆ ಸಾಹಸ, ಹೆಂಗಸು ಮಾಡಿದರೆ ಬಸಿರಿನ ಕೊರತೆಗೆ ಪರಿಹಾರ. ಮಕ್ಕಳಿಲ್ಲದ ಹೆಣ್ಣಿನ ಬಾಳು ಅಪೂರ್ಣ ಎಂಬ ಹಳೆಯ ಕ್ರೌರ್ಯವನ್ನು ನಾವು ಹೊಗಳಿಕೆಯ ಹೆಸರಿನಲ್ಲಿ ಶಾಲೆಯ ಮಕ್ಕಳಿಗೂ ಹೇಳಿಕೊಡುತ್ತಿದ್ದೇವೆ.

ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರ ವಿಷಯದಲ್ಲಿ ಇದೇ ರೂಢಿ ಇನ್ನೂ ಎದ್ದು ಕಾಣುತ್ತದೆ. ಅವರಿಗೆ ಮಕ್ಕಳಿದ್ದರು, ಆದರೂ ಬಿರುದು ವೃಕ್ಷಮಾತೆ. ಹಾಲಕ್ಕಿ ಸಮುದಾಯದ ಈ ಹೆಣ್ಣುಮಗಳು ಬಾಲ್ಯದಲ್ಲೇ ತಾಯಿಯ ಜೊತೆ ಅರಣ್ಯ ಇಲಾಖೆಯ ನರ್ಸರಿಗೆ ಹೋದವರು, ಮೂರು ದಶಕಕ್ಕೂ ಹೆಚ್ಚು ಕಾಲ ದಿನಗೂಲಿ ದುಡಿದು ಆಮೇಲೆ ಕಾಯಂ ಆದವರು. ಕಾಡಿನಲ್ಲಿ ಬೀಜಕ್ಕೆ ಯಾವ ತಾಯಿಮರ ತಕ್ಕದ್ದು, ಅದರ ಬೀಜವನ್ನು ಯಾವಾಗ ಆಯ್ದರೆ ಮೊಳೆಯುತ್ತದೆ ಎಂಬುದರಲ್ಲಿ ಅವರನ್ನು ಮೀರಿಸುವವರು ವಿರಳವಾಗಿದ್ದರು. ಇದು ಒಂದು ಶಾಸ್ತ್ರ. ಪಶ್ಚಿಮ ಘಟ್ಟದ ಎಷ್ಟೋ ಮರಗಳ ಬೀಜ ಆಯ್ದ ಕೆಲವೇ ದಿನಗಳಲ್ಲಿ ಜೀವ ಕಳೆದುಕೊಳ್ಳುತ್ತದೆ. ಒಣಗಿಸಿ ಮೂಟೆ ಕಟ್ಟಿಟ್ಟರೆ ಬರದು. ಇಷ್ಟು ತಿಳಿದವರನ್ನು ಅಷ್ಟು ವರ್ಷ ದಿನಗೂಲಿಯಲ್ಲಿ ಇಟ್ಟುಕೊಂಡದ್ದನ್ನು ಯಾರಾದರೂ ಪ್ರಶ್ನಿಸಬೇಕಿತ್ತು. ಅವರ ಒಲವನ್ನು ಕೊಂಡಾಡುವ ಸಂಭ್ರಮದಲ್ಲಿ ಕೂಲಿಯ ಪ್ರಶ್ನೆ ಮುಚ್ಚಿಹೋಯಿತು. ಪದ್ಮಶ್ರೀ ಪಡೆಯಲು ಬರಿಗಾಲಲ್ಲಿ ನಡೆದುಹೋದ ಚಿತ್ರ ನಮ್ಮೆಲ್ಲರ ನೆನಪಿನಲ್ಲಿದೆ. ಅವರ ಬೀಜಜ್ಞಾನದ ದಾಖಲೆ ಎಲ್ಲಿದೆ ಎಂದು ಕೇಳಿದವರನ್ನು ನಾನು ಕಂಡಿಲ್ಲ.

ನನ್ನ ವಾದಕ್ಕೆ ಬರುವ ಬಲವಾದ ಉತ್ತರ ನನಗೆ ಗೊತ್ತಿದೆ. ಒಬ್ಬರ ಹುಚ್ಚು ಇಲ್ಲದೆ ಏನೂ ಶುರುವಾಗುವುದಿಲ್ಲ. ಯಾವ ಸುತ್ತೋಲೆಯೂ ಒಬ್ಬರ ತಲೆಯ ಮೇಲೆ ನಾಲ್ಕು ಕಿಲೋಮೀಟರ್ ನೀರು ಹೊರಿಸಲಾರದು. ಒಪ್ಪುತ್ತೇನೆ. ಆದರೆ ಹುಚ್ಚು ತಾನೇ ತಾನಾಗಿ ಒಳ್ಳೆಯದಲ್ಲ. ಮರ ನೆಡುವ ಉತ್ಸಾಹದಲ್ಲೇ 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಬಯಲುಸೀಮೆಯ ಹೊಲಗಳಿಗೆ ನೀಲಗಿರಿ ಬಂತು. ಹರಿಹರದ ಕಾರ್ಖಾನೆಯ ತಿರುಳಿಗಾಗಿ ಸರ್ಕಾರದ ಪಾಲುದಾರಿಕೆಯ ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಭೂಮಿ ಕೊಡಲು ಹೊರಟಾಗ, 1987ರ ನವೆಂಬರ್‌ನಲ್ಲಿ ಕುಸನೂರಿನ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಕಿತ್ತಿಕೋ–ಹಚ್ಚಿಕೋ ಸತ್ಯಾಗ್ರಹ ಅದು. ಶಿವರಾಮ ಕಾರಂತರೂ ಅರ್ಜಿದಾರರಾಗಿದ್ದ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. ಕಂಪನಿ ಕಡೆಗೆ ಮುಚ್ಚಿತು. ಕುಸನೂರು ಕೇಳಿದ ಪ್ರಶ್ನೆಗಳು ಎರಡು: ಯಾವ ಮರ? ಯಾರ ನೆಲ? ನಮ್ಮ ವೃಕ್ಷಪ್ರೇಮದ ಕತೆಗಳು ಈ ಎರಡನ್ನೂ ಕೇಳದೆ ಮುಗಿಯುತ್ತವೆ.

ಹೆಸರಘಟ್ಟದ ಹುಲ್ಲುಗಾವಲಿನಲ್ಲಂತೂ ಒಲವಿನ ಕೆಲಸವೇ ಮರ ನೆಡದಂತೆ ತಡೆಯುವುದಾಗಿತ್ತು. ಬೀಳುನೆಲವೆಂದು ಚಿತ್ರನಗರಿ ಮುಂತಾದ ಯೋಜನೆಗಳಿಗೆ ಗುರುತಾಗಿದ್ದ ಆ ಬಯಲಿನಲ್ಲಿ ಹಕ್ಕಿ ನೋಡುವ ಹವ್ಯಾಸಿಗಳು ವರ್ಷಗಟ್ಟಲೆ ಪಟ್ಟಿ ಮಾಡುತ್ತಾ ಬಂದರು. ಹುಲ್ಲನ್ನೇ ನಂಬಿದ ಹಕ್ಕಿಗಳು ಅಲ್ಲಿವೆ ಎಂದು ತೋರಿಸಿದರು, ಕೋರ್ಟಿಗೂ ಹೋದರು. 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಐದು ಸಾವಿರಕ್ಕೂ ಹೆಚ್ಚು ಎಕರೆಯನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿಸಲು ಒಪ್ಪಿತು. ಸಲೀಂ ಅಲಿಯವರ ಹಕ್ಕಿಯ ಗೀಳು ರಂಗನತಿಟ್ಟಿಗೆ ಒದಗಿಬಂದದ್ದೂ 1940ರಲ್ಲಿ ಮೈಸೂರು ಸಂಸ್ಥಾನ ಅದನ್ನು ಪಕ್ಷಿಧಾಮವೆಂದು ಘೋಷಿಸಿದ್ದರಿಂದಲೇ. ಖಾಸಗಿ ಒಲವು ಊರಿಗೆ ದಕ್ಕಬೇಕಾದರೆ ಎಲ್ಲೋ ಒಂದು ಕಡೆ ಅದು ಸಾರ್ವಜನಿಕ ನಿರ್ಧಾರವಾಗಬೇಕು. ಆ ಜವಾಬ್ದಾರಿಯಿಂದ ತಪ್ಪಿಸಿಕೊಳ್ಳಲು ಸರ್ಕಾರಕ್ಕೆ ಸುಲಭದ ದಾರಿ ಸನ್ಮಾನ.

ಹುಲಿಕಲ್ಲಿಗೆ ಆದದ್ದು ಅದೇ. ತಿಮ್ಮಕ್ಕ ಮರ ನೆಟ್ಟದ್ದು ತಮ್ಮ ಹಿತ್ತಲಲ್ಲಲ್ಲ, ಎಲ್ಲರೂ ನಡೆಯುವ ರಸ್ತೆಯ ಅಂಚಿನಲ್ಲಿ. ಸಂತೆಗೆ ಹೋಗುವವರು, ದನ ಹೊಡೆದುಕೊಂಡು ಬರುವವರು, ಬಸ್ಸಿಗೆ ಕಾಯುವವರು, ಜಾತಿ ಕೇಳದೆ ಟಿಕೆಟ್ಟಿಲ್ಲದೆ ಕೂರುವ ನೆರಳು ಅದು. ಆ ಉದಾರತೆಯೇ ಮರಗಳಿಗೆ ಅಪಾಯವನ್ನೂ ತಂದಿತು. ರಸ್ತೆಯಂಚು ಸರ್ಕಾರದ್ದು, ಮರವೂ ಸರ್ಕಾರದ್ದು. ಸಾಕಿದವರಿಗೆ ಕಾನೂನಿನ ಕಣ್ಣಲ್ಲಿ ಯಾವ ಅಧಿಕಾರವೂ ಇಲ್ಲ. 2019ರಲ್ಲಿ ಒಂದೆಡೆ ಪದ್ಮಶ್ರೀ ಬಂತು; ಅದೇ ವರ್ಷ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲೀಕರಣಕ್ಕೆ ಅದೇ ಮರಗಳು ಉರುಳುವ ಭೀತಿ ಎದುರಾಯಿತು. ನೂರು ದಾಟಿದ ಅಜ್ಜಿ ಮುಖ್ಯಮಂತ್ರಿ ಕುಮಾರಸ್ವಾಮಿಯವರಲ್ಲಿ ಮೊರೆಯಿಡಬೇಕಾಯಿತು. ಬದಲಿ ದಾರಿ ನೋಡುವುದಾಗಿ ಸರ್ಕಾರ ಹೇಳಿತು. ಒಳ್ಳೆಯದಾಯಿತು. ಆದರೆ ಆ ಮರಗಳನ್ನು ಕಾಯ್ದದ್ದು ತಿಮ್ಮಕ್ಕನವರ ಖ್ಯಾತಿ. ಖ್ಯಾತಿಯಿಲ್ಲದ ಯಾರೋ ನೆಟ್ಟ ಎಷ್ಟೋ ರಸ್ತೆಬದಿಯ ಮರಗಳು ಅಗಲೀಕರಣಕ್ಕೆ ಸದ್ದಿಲ್ಲದೆ ಹೋಗಿವೆ. ಈಗ ಮೊರೆಯಿಡಲು ತಿಮ್ಮಕ್ಕನವರೂ ಇಲ್ಲ.

ಅವರ ಹೆಸರಿನ ವೃಕ್ಷೋದ್ಯಾನಗಳು ರಾಜ್ಯದ ಅನೇಕ ಕಡೆ ಇವೆ. ಬೇಲಿ, ಗೇಟು, ಮಕ್ಕಳ ಆಟಿಕೆ ಇರುವ ಉದ್ಯಾನಗಳು. ಅವು ಬೇಡ ಎನ್ನಲಾರೆ. ಊರಂಚಿನಲ್ಲಿ ಅಷ್ಟು ಹಸಿರು ಉಳಿದರೂ ಲಾಭವೇ. ಆದರೆ ಬೇಲಿಯೊಳಗಿನ ತೋಟಕ್ಕೆ, ಬಟಾಬಯಲ ರಸ್ತೆಗೆ ನೆರಳು ತಂದವರ ಹೆಸರಿಟ್ಟದ್ದು ಅವರ ಕೆಲಸವನ್ನು ಅರ್ಥ ಮಾಡಿಕೊಂಡವರ ಲಕ್ಷಣವಲ್ಲ. ತಿಮ್ಮಕ್ಕ ಕೇಳಿದ್ದು ಬೇರೆಯೇ. ಊರಲ್ಲೊಂದು ಆಸ್ಪತ್ರೆ ಆಗಬೇಕು ಎನ್ನುವುದು ಅವರ ಕನಸಾಗಿತ್ತು. ಅದಕ್ಕಾಗಿ ಟ್ರಸ್ಟ್ ಕೂಡ ಆಯಿತು. ಊರಲ್ಲಿ ಮಳೆನೀರು ನಿಲ್ಲಿಸುವ ತೊಟ್ಟಿಯ ಕೆಲಸಕ್ಕೂ ಅವರು ಮುಂದಾದವರು. ಮರ, ನೀರು, ಆಸ್ಪತ್ರೆ: ಇದು ಊರಿಗೆ ಏನು ಬೇಕು ಎಂದು ಯೋಚಿಸಿದ ನಾಗರಿಕಳ ಪಟ್ಟಿ. ತಾಯ್ತನದ ಚೌಕಟ್ಟಿನಲ್ಲಿ ಮರವೊಂದು ಹಿಡಿಸಿತು, ಉಳಿದೆರಡು ಹೊರಗುಳಿದವು.

ಹಾಗಾದರೆ ಮಾಡಬೇಕಾದ್ದೇನು ಎಂದು ಕೇಳುವವರಿಗೆ ನನ್ನ ಉತ್ತರ ದೇವನಹಳ್ಳಿಯ ಬಳಿ ಇದೆ. ನಲ್ಲೂರಿನ ಹಳೆಯ ಹುಣಸೆತೋಪನ್ನು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ದೇಶದಲ್ಲೇ ಮೊದಲನೆಯದು ಅದು. 2002ರ ಜೀವವೈವಿಧ್ಯ ಕಾಯ್ದೆ ರಾಜ್ಯ ಸರ್ಕಾರಕ್ಕೆ ಆ ಅಧಿಕಾರ ಕೊಟ್ಟಿದೆ, ಪ್ರತಿ ಗ್ರಾಮ ಪಂಚಾಯಿತಿಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದೂ ಹೇಳಿದೆ. ಹುಲಿಕಲ್–ಕುದೂರು ಸಾಲಿಗೂ ಅದೇ ಕಾಯ್ದೆಯ ರಕ್ಷಣೆ ಸಿಗಲಿ. ಒಂದೊಂದು ಮರಕ್ಕೂ ಸಂಖ್ಯೆ ಬೀಳಲಿ. ಸತ್ತ ಮರದ ಜಾಗಕ್ಕೆ ಅದೇ ಸಾಲಿನ ಆಲದ ಸಸಿ ನೆಟ್ಟು ಬೇಲಿ ಕಟ್ಟಿ ನೀರು ಹಾಕುವ ಕೆಲಸಕ್ಕೆ ಊರಿನವರನ್ನೇ ತಕ್ಕ ಕೂಲಿ ಕೊಟ್ಟು ನೇಮಿಸಲಿ. ಅಲ್ಲಿ ನಿಲ್ಲಿಸುವ ಫಲಕದಲ್ಲಿ ತಿಮ್ಮಕ್ಕನವರ ಹೆಸರಿನ ಪಕ್ಕದಲ್ಲಿ ಚಿಕ್ಕಯ್ಯನವರ ಹೆಸರೂ ಇರಲಿ.