ಕಂಪ್ಯೂಟರ್ ಇಲ್ಲದ ಕಂಪ್ಯೂಟರ್ ಕ್ಲಬ್: ಒಂದು ಪುಸ್ತಕದ ವಿಮರ್ಶೆ

ಶಾಲೆಯಲ್ಲಿ ವಿಜ್ಞಾನ ಸಂಘ, ಇಕೋ ಕ್ಲಬ್‌ಗಳ ಜೊತೆಗೆ ಕಂಪ್ಯೂಟರ್ ಕ್ಲಬ್ ಒಂದನ್ನೂ ನಡೆಸಬೇಕೆಂದು ಹೊರಡುವ ಶಿಕ್ಷಕರಿಗೆ ಎದುರಾಗುವ ಮೊದಲ ಪ್ರಶ್ನೆ, ‘ಯಂತ್ರಗಳು ಎಷ್ಟಿವೆ?’ ಎಂಬುದು. ನಲವತ್ತು ಮಕ್ಕಳಿಗೆ ನಾಲ್ಕು ಕಂಪ್ಯೂಟರ್‌ಗಳಿದ್ದರೆ ನಾಲ್ವರು ಕೀಲಿಮಣೆ ಹಿಡಿಯುತ್ತಾರೆ, ಉಳಿದವರು ಬೆನ್ನ ಹಿಂದೆ ನಿಂತು ನೋಡುತ್ತಾರೆ. ಕರೆಂಟು ಹೋದರೆ ಅದೂ ಇಲ್ಲ. ‘ಕಂಪ್ಯೂಟರ್ ಸೈನ್ಸ್ ಅನ್‌ಪ್ಲಗ್ಡ್’ ಎಂಬ ಪುಸ್ತಕ ಈ ಪ್ರಶ್ನೆಯನ್ನೇ ಬದಿಗಿಡುತ್ತದೆ. ಟಿಮ್ ಬೆಲ್, ಇಯಾನ್ ವಿಟನ್ ಮತ್ತು ಮೈಕ್ ಫೆಲೋಸ್ ಎಂಬ ಮೂವರು ಗಣಕ ವಿಜ್ಞಾನಿಗಳು ರಚಿಸಿದ ಇದು ಮೊದಲು ಹೊರಬಂದದ್ದು 1998ರಲ್ಲಿ. ಇದರ ಚಟುವಟಿಕೆಗಳಿಗೆ ರಟ್ಟು, ಹಗ್ಗ, ಸೀಮೆಸುಣ್ಣಗಳಷ್ಟೇ ಸಾಕು. ತರಗತಿಯ ಬಳಕೆಗೆ ಪುಸ್ತಕ ಉಚಿತವಾಗಿಯೂ ದೊರೆಯುತ್ತದೆ. ಹಾಗಾದರೆ ಒಂದು ಕ್ಲಬ್ಬಿಗೆ ಇದೊಂದೇ ಸಾಕೇ? ಈ ವಿಮರ್ಶೆಯ ಪ್ರಶ್ನೆ ಇದು.

ಪುಸ್ತಕದ ಬಲ

ಮೊದಲ ಚಟುವಟಿಕೆ ದ್ವಿಮಾನ ಸಂಖ್ಯೆಗಳದು. 16, 8, 4, 2, 1 ಚುಕ್ಕೆಗಳಿರುವ ಐದು ರಟ್ಟುಗಳನ್ನು ಹಿಡಿದು ಐದು ಮಕ್ಕಳು ಸಾಲಾಗಿ ನಿಲ್ಲುತ್ತಾರೆ. ಚುಕ್ಕೆ ಕಾಣುವಂತೆ ಹಿಡಿದರೆ 1, ತಿರುಗಿಸಿದರೆ 0. ಸೊನ್ನೆಯಿಂದ 31ರವರೆಗೆ ಎಲ್ಲ ಸಂಖ್ಯೆಗಳನ್ನೂ ಹೀಗೆ ತೋರಿಸಬಹುದು. ಒಂದರಿಂದ ಶುರುಮಾಡಿ ಎಣಿಸುತ್ತ ಹೋದಾಗ 1ರ ರಟ್ಟು ಪ್ರತಿ ಬಾರಿಯೂ, 2ರ ರಟ್ಟು ಎರಡು ಎಣಿಕೆಗೊಮ್ಮೆಯೂ, 4ರ ರಟ್ಟು ನಾಲ್ಕು ಎಣಿಕೆಗೊಮ್ಮೆಯೂ ತಿರುಗುವುದನ್ನು ಮಕ್ಕಳು ತಾವೇ ಗುರುತಿಸುತ್ತಾರೆ. ಕಪ್ಪುಹಲಗೆಯ ಮೇಲಿನ ಭಾಗಾಕಾರದಿಂದ ಈ ಅರಿವು ಇಷ್ಟು ಬೇಗ ಬಾರದು.

ಇನ್ನೂ ಸೊಗಸಾದದ್ದು ದೋಷ ಪತ್ತೆಯ ಆಟ. ಎರಡು ಬದಿಗೆ ಎರಡು ಬಣ್ಣವಿರುವ ರಟ್ಟುಗಳನ್ನು ಐದು ಸಾಲು, ಐದು ಕಂಬಗಳಲ್ಲಿ ಮಕ್ಕಳು ಮನಬಂದಂತೆ ಜೋಡಿಸುತ್ತಾರೆ. ‘ಆಟ ಸ್ವಲ್ಪ ಕಠಿಣವಾಗಲಿ’ ಎನ್ನುತ್ತ ಶಿಕ್ಷಕರು ಆರನೆಯ ಸಾಲನ್ನೂ ಕಂಬವನ್ನೂ ಸೇರಿಸುತ್ತಾರೆ. ಪ್ರತಿ ಸಾಲಿನಲ್ಲಿ, ಪ್ರತಿ ಕಂಬದಲ್ಲಿ ಬಣ್ಣದ ಬದಿಗಳ ಸಂಖ್ಯೆ ಸಮವಾಗುವಂತೆ ನೋಡಿಕೊಳ್ಳುವುದೇ ಅದರ ಗುಟ್ಟು. ಶಿಕ್ಷಕರು ಬೆನ್ನು ತಿರುಗಿಸಿದಾಗ ಒಂದು ಮಗು ಒಂದು ರಟ್ಟನ್ನು ಮಗುಚುತ್ತದೆ. ಬೆಸವಾದ ಸಾಲು ಮತ್ತು ಬೆಸವಾದ ಕಂಬ ಸೇರುವ ಜಾಗದಲ್ಲಿ ಆ ರಟ್ಟು ಸಿಕ್ಕಿಬೀಳುತ್ತದೆ.

ಆದರೆ ಪಾಠ ಇರುವುದು ಮ್ಯಾಜಿಕ್‌ನಲ್ಲಿ ಅಲ್ಲ, ಮ್ಯಾಜಿಕ್ ಸೋಲುವಲ್ಲಿ. ಒಂದೇ ಸಾಲಿನ ಎರಡು ರಟ್ಟುಗಳನ್ನು ಮಗುಚಿದರೆ ಎರಡು ಕಂಬಗಳು ಬೆಸವಾಗುತ್ತವೆ, ಯಾವ ಸಾಲೂ ಬೆಸವಾಗುವುದಿಲ್ಲ. ದೋಷವಿದೆಯೆಂದು ತಿಳಿಯುತ್ತದೆ, ಎಲ್ಲಿದೆಯೆಂದು ತಿಳಿಯದು. ಆಯತದ ಮೂರು ಮೂಲೆಗಳನ್ನು ಮಗುಚಿದರೆ ಯಾರೂ ಮುಟ್ಟದ ನಾಲ್ಕನೆಯ ಮೂಲೆಯೇ ಅಪರಾಧಿಯಾಗಿ ಕಾಣುತ್ತದೆ. ನಾಲ್ಕೂ ಮೂಲೆಗಳನ್ನು ಮಗುಚಿದರೆ ಎಲ್ಲವೂ ಸರಿಯಿರುವಂತೆ ತೋರುತ್ತದೆ! ಒಂದಕ್ಕಿಂತ ಹೆಚ್ಚು ರಟ್ಟು ಮಗುಚಿದರೇನು ಎಂಬ ಪ್ರಶ್ನೆಯನ್ನು ಪುಸ್ತಕವೂ ಎತ್ತುತ್ತದೆ, ಆದರೆ ಚಟುವಟಿಕೆಯ ಕೊನೆಯ ವಿಸ್ತರಣೆಯಾಗಿ. ಕ್ಲಬ್ಬಿನಲ್ಲಿ ಅದೇ ಮುಖ್ಯ ಭಾಗವಾಗಬೇಕು.

ನಮಗೆ ಹೊಂದಿಸಿಕೊಳ್ಳಬೇಕಾದ್ದು

ಪುಸ್ತಕದ ಹಲವು ಉದಾಹರಣೆಗಳು ಇಂಗ್ಲಿಷ್ ಮಕ್ಕಳಿಗಾಗಿ ಹುಟ್ಟಿದವು. ಐದು ರಟ್ಟುಗಳಲ್ಲಿ ಇಂಗ್ಲಿಷಿನ 26 ಅಕ್ಷರಗಳಿಗೆ ಸಂಕೇತ ಕೊಡಬಹುದು. ಕನ್ನಡದ 49 ಅಕ್ಷರಗಳಿಗೆ ಐದು ಸಾಲವು. ಆರನೆಯ ರಟ್ಟು ಬೇಕು, ಆಗ 64 ಸಂಕೇತಗಳು ದೊರೆಯುತ್ತವೆ. ಗುಣಿತಾಕ್ಷರ, ಒತ್ತಕ್ಷರಗಳಿಗೆ ಏನು ಮಾಡುವುದು? ಒಂದೊಂದಕ್ಕೂ ಬೇರೆ ಸಂಕೇತ ಕೊಡಹೊರಟರೆ ಸಾವಿರಾರು ಬೇಕಾಗುತ್ತವೆ. ಯೂನಿಕೋಡ್ ಪದ್ಧತಿ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟು, ‘ಕ್ಷಿ’ಯನ್ನು ಕಕಾರ, ವಿರಾಮ ಚಿಹ್ನೆ, ಷಕಾರ, ಇಕಾರದ ಚಿಹ್ನೆ ಎಂಬ ನಾಲ್ಕು ಸಂಕೇತಗಳ ಸರಣಿಯಾಗಿ ಬರೆಯುತ್ತದೆ. ಪುಸ್ತಕದಲ್ಲಿಲ್ಲದ ಈ ಸಮಸ್ಯೆ ನಮ್ಮ ಮಕ್ಕಳ ಪಾಲಿಗೆ ಒಂದು ಲಾಭವೇ ಸರಿ.

ಪುಸ್ತಕಗಳ ಹಿಂಬದಿಯ ಐಎಸ್‌ಬಿಎನ್ ಸಂಖ್ಯೆಯ ಉದಾಹರಣೆಯನ್ನೂ ನವೀಕರಿಸಬೇಕು. ಹಳೆಯ ಆವೃತ್ತಿಯಲ್ಲಿರುವುದು ಹತ್ತು ಅಂಕಿಗಳ ಕ್ರಮ. 2007ರಿಂದ ಹದಿಮೂರು ಅಂಕಿಗಳ ಕ್ರಮ ಜಾರಿಯಲ್ಲಿದೆ. ಇದರಲ್ಲಿ ಅಂಕಿಗಳನ್ನು ಸರದಿಯಂತೆ 1 ಮತ್ತು 3ರಿಂದ ಗುಣಿಸಿ ಕೂಡಿದರೆ ಮೊತ್ತ 10ರಿಂದ ಭಾಗವಾಗಬೇಕು. ಪಕ್ಕಪಕ್ಕದ 1 ಮತ್ತು 6 ಅದಲುಬದಲಾದರೆ ಅವುಗಳ ಪಾಲು 19ರ ಬದಲು 9 ಆಗುತ್ತದೆ. ವ್ಯತ್ಯಾಸ ಸರಿಯಾಗಿ ಹತ್ತು, ಹಾಗಾಗಿ ತಪ್ಪು ಸಿಕ್ಕುವುದಿಲ್ಲ. 11ರಿಂದ ಭಾಗಿಸುವ ಹಳೆಯ ಕ್ರಮ ಇಂಥ ಅದಲುಬದಲನ್ನು ತಪ್ಪದೆ ಹಿಡಿಯುತ್ತಿತ್ತು. ಶಾಲೆಯ ಗ್ರಂಥಾಲಯದ ಪುಸ್ತಕಗಳೇ ಇದಕ್ಕೆ ಪ್ರಯೋಗ ಸಾಮಗ್ರಿ.

ಮುಖ್ಯ ಕೊರತೆ

ಇವು ಶಿಕ್ಷಕರು ಸರಿಪಡಿಸಿಕೊಳ್ಳಬಹುದಾದ ಸಂಗತಿಗಳು. ಮುಖ್ಯ ಕೊರತೆ ಬೇರೆಯದೇ. 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಟೌಬ್, ಅರ್ಮೋನಿ ಮತ್ತು ಬೆನ್-ಆರಿ ಎಂಬ ಸಂಶೋಧಕರು ಈ ಚಟುವಟಿಕೆಗಳು ಮಾಧ್ಯಮಿಕ ಶಾಲೆಯ ಮಕ್ಕಳ ಮೇಲೆ ಬೀರಿದ ಪರಿಣಾಮವನ್ನು ಪರಿಶೀಲಿಸಿದರು. ಗಣಕ ವಿಜ್ಞಾನ ಎಂದರೇನು ಎಂಬ ಬಗ್ಗೆ ಮಕ್ಕಳ ತಿಳಿವಳಿಕೆ ಸ್ವಲ್ಪಮಟ್ಟಿಗೆ ಸುಧಾರಿಸಿತ್ತು. ಆದರೆ ಮುಂದೆ ಅದನ್ನು ಓದಬೇಕೆಂಬ ಆಸೆ ಕಡಿಮೆಯಾಗಿತ್ತು! ಬಹುಪಾಲು ಚಟುವಟಿಕೆಗಳು ವಿಷಯದ ಮೂಲ ಪರಿಕಲ್ಪನೆಗಳೊಡನೆ ಸ್ಪಷ್ಟವಾಗಿ ಬೆಸೆದುಕೊಂಡಿಲ್ಲ ಎಂಬುದನ್ನೂ ಅವರು ಗುರುತಿಸಿದರು.

ಇನ್ನೊಂದು ಕಾರಣವನ್ನೂ ಸೇರಿಸಬಹುದು. ರಟ್ಟಿನ ಆಟದಲ್ಲಿ ತಪ್ಪು ನಡೆದರೆ ಅದನ್ನು ಹೇಳುವವರು ಶಿಕ್ಷಕರು ಅಥವಾ ಗೆಳೆಯರು. ಕಂಪ್ಯೂಟರ್ ಮುಂದೆ ಹಾಗಲ್ಲ. ಮಗು ಬರೆದ ಆದೇಶ ತಪ್ಪಿದ್ದರೆ ಚಿತ್ರವೇ ಸೊಟ್ಟಗಾಗುತ್ತದೆ, ಮಗು ತಾನೇ ಕಾರಣ ಹುಡುಕಿ ತಿದ್ದುತ್ತದೆ. ಲೋಗೋ ಭಾಷೆಯ ರೂವಾರಿಗಳಲ್ಲಿ ಒಬ್ಬರಾದ ಸೆಮೂರ್ ಪೇಪರ್ಟ್ 1980ರ ‘ಮೈಂಡ್‌ಸ್ಟಾರ್ಮ್ಸ್’ ಕೃತಿಯಲ್ಲಿ ಒತ್ತಿ ಹೇಳಿದ್ದು ಇದನ್ನೇ: ಕಂಪ್ಯೂಟರ್ ಮಗುವಿಗೆ ಆದೇಶ ನೀಡಬಾರದು, ಮಗು ಕಂಪ್ಯೂಟರಿಗೆ ಆದೇಶ ನೀಡಬೇಕು. ತಾನು ಕಟ್ಟಿದ್ದು ನಡೆಯುವುದನ್ನು ಕಾಣುವ ಈ ಸಂತೋಷವನ್ನು ರಟ್ಟು ಕೊಡಲಾರದು.

ಹೀಗಾಗಿ ‘ಅನ್‌ಪ್ಲಗ್ಡ್’ ಕ್ಲಬ್ಬಿನ ಅರ್ಧ ಮಾತ್ರ. ವಾರಕ್ಕೆ ಒಂದು ಗಂಟೆ ಸಿಗುವುದಾದರೆ ಒಂದು ವಾರ ಅಂಗಳದಲ್ಲಿ ಆಟ, ಮರುವಾರ ಅದೇ ವಿಚಾರದ ಮೇಲೆ ‘ಸ್ಕ್ರ್ಯಾಚ್’ನಂಥ ಉಚಿತ ಭಾಷೆಯಲ್ಲಿ ಕ್ರಮವಿಧಿ ರಚನೆ ಇರಲಿ. ಅಂಗಳದಲ್ಲಿ ದ್ವಿಮಾನ ಎಣಿಕೆ ಆಡಿದವರು ಯಂತ್ರದ ಮುಂದೆ ದ್ವಿಮಾನ ಗಡಿಯಾರ ಕಟ್ಟಲಿ. ಯಂತ್ರಗಳು ಕಡಿಮೆಯಿದ್ದರೆ ಮಕ್ಕಳನ್ನು ಸರದಿಯ ತಂಡಗಳಾಗಿ ಮಾಡಿ, ಒಂದು ತಂಡ ಯಂತ್ರದಲ್ಲಿರುವಾಗ ಇನ್ನೊಂದು ಕಾಗದದ ಮೇಲೆ ಕ್ರಮವಿಧಿ ಬರೆದು ಸಿದ್ಧವಾಗಲಿ. ಕೀಲಿಮಣೆ ಹತ್ತು ನಿಮಿಷಕ್ಕೊಮ್ಮೆ ಕೈ ಬದಲಾಗಬೇಕು. ಇಲ್ಲದಿದ್ದರೆ ಮನೆಯಲ್ಲಿ ಕಂಪ್ಯೂಟರ್ ಇರುವ ಮಗುವೇ ಇಲ್ಲಿಯೂ ಅದನ್ನು ಹಿಡಿದು ಕೂರುತ್ತದೆ.

ಯಂತ್ರಗಳಿಲ್ಲವೆಂಬ ಕಾರಣಕ್ಕೆ ಕ್ಲಬ್ ಆರಂಭಿಸದಿರುವವರಿಗೆ ಈ ಪುಸ್ತಕ ಒಳ್ಳೆಯ ಉತ್ತರ. ಆದರೆ ಪುಸ್ತಕವಿದೆಯೆಂಬ ಕಾರಣಕ್ಕೆ ಯಂತ್ರಗಳೇ ಬೇಡವೆಂದು ಆಡಳಿತದವರು ಹೇಳುವಂತಾಗಬಾರದು.